ಒಂದು ಕಂಪ್ಯೂಟರ್, ಹತ್ತು ಇಮೇಲ್: ಯಾರಿಗೆ ಯಾವ ದಾರಿ ಸರಿಹೋಗುತ್ತದೆ?

ತಿಂಗಳ 20ನೇ ತಾರೀಖು ಹತ್ತಿರ ಬಂತು ಅಂದರೆ ನನ್ನ ಟೇಬಲ್ ಮುಂದೆ ಕೇಳಿಬರುವ ಮಾತು ಒಂದೇ. "ನಮ್ ಮೇಲಿಗೆ ಓಟಿಪಿ ಬಂದೈತೇನ್ ನೋಡ್ರಿ."

ನಾನು ಬಳ್ಳಾರಿಯಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುತ್ತೇನೆ. ಹೆಚ್ಚಿನವರು ಜೀನ್ಸ್ ಕಸುಬಿನವರು. ಒಬ್ಬರದು ಹೊಲಿಗೆ, ಒಬ್ಬರದು ವಾಷಿಂಗ್, ಇನ್ನೊಬ್ಬರದು ಜಿಪ್ಪು-ಗುಂಡಿ ಮಾರಾಟ. 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಎರಡೂ ತಿಂಗಳ ಜಿಎಸ್‌ಟಿ ರಿಟರ್ನ್‌ಗಳು. ಒಂಬತ್ತು ವ್ಯಾಪಾರಿಗಳಿಗೆ ಒಂಬತ್ತು ಮೇಲ್, ನನ್ನವು ಎರಡು. ಒಟ್ಟು 11 ಖಾತೆ. ಕಂಪ್ಯೂಟರ್ ಮಾತ್ರ ಒಂದೇ.

ಈ ತಾಪತ್ರಯ ನನ್ನೊಬ್ಬನದೇ ಅಲ್ಲ. ರಾಯಚೂರಿನಲ್ಲಿ ಸರ್ಕಾರಿ ನೌಕರಿ ಪರೀಕ್ಷೆಗೆ ಓದುತ್ತಿರುವ ನನ್ನ ತಂಗಿಗೆ ಮೂರು ಐಡಿ. ಗಂಗಾವತಿಯಲ್ಲಿ ಆನ್‌ಲೈನ್ ಸೆಂಟರ್ ಇಟ್ಟಿರುವ ಗೆಳೆಯನ ಕಂಪ್ಯೂಟರಿನಲ್ಲಿ ದಿನವಿಡೀ ಊರವರ ಐಡಿಗಳು ತೆರೆದು ಮುಚ್ಚುತ್ತಿರುತ್ತವೆ. ಇಬ್ಬರೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಇಷ್ಟೂ ಐಡಿಗಳನ್ನು ಒಂದೇ ಕಂಪ್ಯೂಟರಿನಲ್ಲಿ ನೋಡಲು ಯಾವ ದಾರಿ ಬೆಸ್ಟ್? ಇಬ್ಬರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ. ನಾನು ಬಳಸುತ್ತಿರುವುದು ಇನ್ನೊಂದು.

ಈ ವಿಷಯಕ್ಕೆ ನಾನು ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಇದೆ. ಎರಡು ವರ್ಷದ ಹಿಂದೆ ಒಬ್ಬ ಹೊಲಿಗೆ ಘಟಕದವರು ಹೊರಗಿನ ವ್ಯಾಪಾರಿಗೆ ದರಪಟ್ಟಿ ಕಳಿಸಲು ಹೇಳಿದರು. ನನ್ನ ಬ್ರೌಸರಿನಲ್ಲಿ ನಾಲ್ಕು ಜಿಮೇಲ್ ಒಟ್ಟಿಗೆ ತೆರೆದಿದ್ದವು. ಯಾವ ಖಾತೆಯಲ್ಲಿದ್ದೇವೆ ಎಂದು ತೋರಿಸಲು ಬಲಗಡೆ ಮೇಲೆ ಒಂದು ಸಣ್ಣ ವೃತ್ತ ಇರುತ್ತದೆ, ಅದರಲ್ಲಿ ಹೆಸರಿನ ಮೊದಲ ಅಕ್ಷರ. ನಮ್ಮ ಕಡೆ ಎಷ್ಟೊಂದು ಅಂಗಡಿಗಳ ಹೆಸರು 'ಶ್ರೀ'ಯಿಂದಲೇ ಶುರುವಾಗುತ್ತದೆ, ಅಲ್ವಾ? ನಾಲ್ಕರಲ್ಲಿ ಮೂರು ವೃತ್ತದಲ್ಲಿ 'ಎಸ್' ಇತ್ತು. ನಾನು ಒಬ್ಬರ ದರಪಟ್ಟಿಯನ್ನು ಇನ್ನೊಬ್ಬರ ಐಡಿಯಿಂದ ಕಳಿಸಿಬಿಟ್ಟೆ. ಹೊರಗಿನ ವ್ಯಾಪಾರಿಯ ಉತ್ತರ ಆ ಇನ್ನೊಬ್ಬರ ಫೋನಿಗೆ ಬಂತು, ಕೆಳಗೆ ಪೂರ್ತಿ ದರ ಸಮೇತ. ಇಬ್ಬರೂ ಒಂದೇ ಓಣಿಯವರು, ಒಂದೇ ಮಾಲು ಹೊಲಿಯುವವರು. ಇಬ್ಬರ ಮನೆಗೂ ಹೋಗಿ ನಡೆದದ್ದನ್ನು ಹೇಳಿ ಬಂದೆ. ಒಬ್ಬರು ಲೆಕ್ಕ ನನ್ನ ಹತ್ತಿರವೇ ಬಿಟ್ಟರು. ಇನ್ನೊಬ್ಬರು ಆ ವರ್ಷ ಬೇರೆ ಕಡೆ ಹೋದರು.

ಅಂದಿನಿಂದ ಎಲ್ಲ ದಾರಿಗಳನ್ನೂ ಒಂದೊಂದಾಗಿ ಬಳಸಿ ನೋಡಿದ್ದೇನೆ. ಆದರೆ ದಾರಿಗಳ ಮಾತಿಗೆ ಮೊದಲು ಕೆಲವು ಪ್ರಶ್ನೆ ಕೇಳಿಕೊಳ್ಳಬೇಕು.

ಮೊದಲು ಇವನ್ನು ಕೇಳಿಕೊಳ್ಳಿ

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಈ ಮೇಲ್‌ಗಳು ಯಾರವು? ಎಲ್ಲವೂ ನಿಮ್ಮವೇ ಆಗಿದ್ದರೆ ಅವನ್ನು ಒಂದೆಡೆ ಸೇರಿಸುವ ದಾರಿ ಹುಡುಕಬೇಕು. ಬೇರೆ ಬೇರೆಯವರದಾಗಿದ್ದರೆ ನಡುವೆ ಗೋಡೆ ಕಟ್ಟುವ ದಾರಿ ಹುಡುಕಬೇಕು. ಈ ಎರಡರಲ್ಲಿ ನಿಮ್ಮದು ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ನಾನು ಗೋಡೆ ಕಟ್ಟಬೇಕಾದ ಕಡೆ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದ್ದೆ, ತಪ್ಪಾಗಿದ್ದು ಅಲ್ಲೇ.

ಎರಡನೆಯದು, ಕುರ್ಚಿಯಲ್ಲಿ ಯಾರು ಕೂರುತ್ತಾರೆ? ನೀವೊಬ್ಬರೇನಾ, ಮನೆಮಂದಿಯೆಲ್ಲಾನಾ, ಅಂಗಡಿಯ ಹುಡುಗರೂನಾ?

ಮೂರನೆಯದು, ಬರೀ ಓದಿದರೆ ಸಾಕೋ, ಆ ಐಡಿಯಿಂದಲೇ ಉತ್ತರವೂ ಹೋಗಬೇಕೋ? ಓದುವುದಷ್ಟೇ ಆದರೆ ಕೆಲಸ ಬಹಳ ಸುಲಭ.

ನಾಲ್ಕನೆಯದು, ಮೇಲ್ ಮಾತ್ರ ಸಾಕೋ, ಆ ಖಾತೆಯ ಗೂಗಲ್ ಡ್ರೈವ್, ಫಾರ್ಮ್, ಪೋರ್ಟಲ್ ಲಾಗಿನ್ ಕೂಡ ಬೇಕೋ? ಇದನ್ನು ಯೋಚಿಸದೆ ಆಯ್ಕೆ ಮಾಡಿದವರು ವಾರದೊಳಗೆ ಮತ್ತೆ ಹಳೆ ಪದ್ಧತಿಗೆ ವಾಪಸ್ ಬರುತ್ತಾರೆ.

ಇನ್ನು ಯಂತ್ರ, ನೆಟ್, ಕರೆಂಟ್. 4 ಜಿಬಿ ರ‍್ಯಾಮ್‌ನ ಹಳೆ ಕಂಪ್ಯೂಟರಿಗೆ ಸರಿಹೋಗುವುದು ಬೇರೆ, 8 ಜಿಬಿಗೆ ಬೇರೆ. ಏಪ್ರಿಲ್-ಮೇ ತಿಂಗಳ ಉರಿಬಿಸಿಲಲ್ಲಿ ಮಧ್ಯಾಹ್ನ ಕರೆಂಟ್ ಹೋದರೆ ರೂಟರ್ ಕೂಡ ಸತ್ತುಹೋಗುತ್ತದೆ. ಆಗಲೂ ಹಳೆ ಮೇಲ್ ಓದಬೇಕಾದ ಕೆಲಸ ನಿಮ್ಮದಾ?

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಮುಂದೆ ಹೇಳುವ ಯಾವ ದಾರಿಗೂ ದುಡ್ಡು ಕೊಡಬೇಕಿಲ್ಲ. ಖರ್ಚು ಬಂದರೆ ರ‍್ಯಾಮ್ ಹಾಕಿಸಲು ಬರಬಹುದು, ಅಷ್ಟೇ.

ಒಂದೇ ಬ್ರೌಸರಿನಲ್ಲಿ ಎಲ್ಲ ಖಾತೆ

ಬಹಳ ಜನ ಮಾಡುವುದು ಇದನ್ನೇ. ಜಿಮೇಲ್ ತೆರೆದು, ಮೇಲಿನ ವೃತ್ತ ಒತ್ತಿ, 'ಇನ್ನೊಂದು ಖಾತೆ ಸೇರಿಸಿ' ಅನ್ನುವುದು. ಎರಡು ನಿಮಿಷದ ಕೆಲಸ. ಯಂತ್ರಕ್ಕೂ ಭಾರವಿಲ್ಲ. ನಿಮ್ಮವೇ ಎರಡು ಖಾತೆ ಇದ್ದು, ಎರಡನೆಯದನ್ನು ವಾರಕ್ಕೊಮ್ಮೆ ನೋಡುವವರಾದರೆ ಇದೇ ಸಾಕು. ಬೇರೇನೂ ಬೇಡ.

ಎರಡು ದಾಟಿದರೆ ತೊಡಕು ಶುರು. ಮೊದಲು ಲಾಗಿನ್ ಆದ ಖಾತೆಯನ್ನು ಗೂಗಲ್ ಮುಖ್ಯ ಖಾತೆ ಅಂದುಕೊಳ್ಳುತ್ತದೆ. ಯಾರೋ ಕಳಿಸಿದ ಡ್ರೈವ್ ಲಿಂಕ್ ಒತ್ತಿದರೆ ಎಷ್ಟೋ ಸಲ ಅದು ಆ ಮುಖ್ಯ ಖಾತೆಯಲ್ಲೇ ತೆರೆಯಲು ನೋಡುತ್ತದೆ. 'ನಿಮಗೆ ಅನುಮತಿ ಇಲ್ಲ' ಅಂತ ಬರುತ್ತದೆ. ಫೈಲ್ ಕಳಿಸಿದವರಿಗೆ ಫೋನ್ ಮಾಡಿ "ನೀವು ಪರ್ಮಿಷನ್ ಕೊಟ್ಟಿಲ್ಲ" ಅಂತ ಜಗಳ ಆಡುವವರನ್ನು ನೋಡಿದ್ದೇನೆ. ಅವರು ಕೊಟ್ಟಿರುತ್ತಾರೆ, ನಾವು ತಪ್ಪು ಬಾಗಿಲಲ್ಲಿ ನಿಂತಿರುತ್ತೇವೆ. ಒಂದು ಖಾತೆಯಿಂದ ಹೊರಬರೋಣ ಎಂದು ಸೈನ್ ಔಟ್ ಒತ್ತಿದರೆ ಕಂಪ್ಯೂಟರಿನಲ್ಲಿ ಎಲ್ಲ ಖಾತೆಗಳೂ ಒಟ್ಟಿಗೆ ಹೊರಬೀಳುತ್ತವೆ. ಮತ್ತೆ ಎಲ್ಲದಕ್ಕೂ ಪಾಸ್‌ವರ್ಡ್, ಮತ್ತೆ ಎಲ್ಲದಕ್ಕೂ ಓಟಿಪಿ.

ಈ ದಾರಿಯಲ್ಲೇ ಇರುತ್ತೀರಿ ಅಂದರೆ ಎರಡು ಕೆಲಸ ಮಾಡಿ. ಪ್ರತಿ ಖಾತೆಗೂ ಬೇರೆ ಬೇರೆ ಫೋಟೋ ಹಾಕಿ, ಅಕ್ಷರ ನಂಬಬೇಡಿ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ 'ಅನ್‌ಡು ಸೆಂಡ್' ಸಮಯವನ್ನು 30 ಸೆಕೆಂಡಿಗೆ ಏರಿಸಿ. ಅದು 5, 10, 20 ಅಥವಾ 30 ಸೆಕೆಂಡ್ ಇರಬಹುದು. ಕಳಿಸಿದ ಮೇಲೆ 'ಅಯ್ಯೋ' ಅನ್ನಿಸಲು 5 ಸೆಕೆಂಡ್ ಸಾಲುವುದಿಲ್ಲ.

ಬ್ರೌಸರ್ ಪ್ರೊಫೈಲ್

ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಪ್ರೊಫೈಲ್ ಅನ್ನುವ ಸೌಲಭ್ಯ ಇದೆ. ಒಂದೇ ಬ್ರೌಸರ್ ಒಳಗೆ ಬೇರೆ ಬೇರೆ ಕೋಣೆ ಅಂದುಕೊಳ್ಳಿ. ಒಂದು ಕೋಣೆಯ ಲಾಗಿನ್, ಬುಕ್‌ಮಾರ್ಕ್, ಹಿಸ್ಟರಿ, ಉಳಿಸಿದ ಪಾಸ್‌ವರ್ಡ್ ಯಾವುದೂ ಇನ್ನೊಂದಕ್ಕೆ ಹೋಗುವುದಿಲ್ಲ. ಡ್ರೈವ್ ಲಿಂಕ್ ಸರಿಯಾದ ಖಾತೆಯಲ್ಲೇ ತೆರೆಯುತ್ತದೆ, ಯಾಕಂದರೆ ಆ ಕೋಣೆಯಲ್ಲಿ ಬೇರೆ ಖಾತೆಯೇ ಇಲ್ಲ.

ಕ್ರೋಮ್‌ನಲ್ಲಿ ಪ್ರತಿ ಪ್ರೊಫೈಲ್‌ಗೂ ಬೇರೆ ಬಣ್ಣ ಕೊಡಬಹುದು, ಡೆಸ್ಕ್‌ಟಾಪ್ ಮೇಲೆ ಶಾರ್ಟ್‌ಕಟ್ ಇಡಬಹುದು. ನಾನು ವಾಷಿಂಗ್ ಘಟಕಕ್ಕೆ ನೀಲಿ ಕೊಟ್ಟಿದ್ದೇನೆ, ಹೊಲಿಗೆಯವರಿಗೆ ಹಸಿರು, ನನ್ನದಕ್ಕೆ ಕೆಂಪು. ಸುಮ್ನೆ ಚೆಂದಕ್ಕೆ ಮಾಡಿದ್ದಲ್ಲ. ಸಂಜೆ ಏಳಕ್ಕೆ ಕಣ್ಣು ದಣಿದಿರುವಾಗ ಅಕ್ಷರ ಓದುವುದಕ್ಕಿಂತ ಮೊದಲು ಬಣ್ಣ ಕಾಣುತ್ತದೆ. ಕಿಟಕಿಯ ತಲೆ ಕೆಂಪಗಿದ್ದರೆ ನಾನು ನನ್ನ ಮನೆಯಲ್ಲಿದ್ದೇನೆ, ಇಲ್ಲಿಂದ ಬೇರೆಯವರ ಕಾಗದ ಹೋಗಬಾರದು. ಪ್ರೊಫೈಲ್ ಹಾಕಿದ ಮೇಲೆ ತಪ್ಪು ಐಡಿಯಿಂದ ಒಂದೇ ಒಂದು ಮೇಲ್ ಹೋಗಿಲ್ಲ.

ಒಂದು ಎಚ್ಚರಿಕೆ ಹೇಳಬೇಕು. ಪ್ರೊಫೈಲ್ ಗೋಡೆಗೆ ಬೀಗ ಇಲ್ಲ. ಕಂಪ್ಯೂಟರ್ ತೆರೆದಿದ್ದರೆ ಯಾರು ಬೇಕಾದರೂ ಯಾವ ಕೋಣೆಗೆ ಬೇಕಾದರೂ ಹೋಗಬಹುದು. ನೀವು ಗಲಿಬಿಲಿ ಆಗದ ಹಾಗೆ ಅದು ಕಾಯುತ್ತದೆ, ಬೇರೆಯವರ ಕಣ್ಣಿನಿಂದ ಕಾಯುವುದಿಲ್ಲ. ಇನ್ನೊಂದು: ಬೇರೆಯವರ ಖಾತೆಗೆ ಪ್ರೊಫೈಲ್ ಮಾಡುವಾಗ 'ಸಿಂಕ್' ಆನ್ ಮಾಡಬೇಡಿ. ಮಾಡಿದರೆ ಅವರು ಫೋನಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳೆಲ್ಲ ನಿಮ್ಮ ಕಂಪ್ಯೂಟರಿಗೆ ಇಳಿಯಬಹುದು. ಅದು ನಮಗೆ ಬೇಡದ ಹೊಣೆ.

ಭಾರದ ವಿಷಯ. ತೆರೆದಿರುವ ಪ್ರತಿ ಪ್ರೊಫೈಲ್ ರ‍್ಯಾಮ್ ತಿನ್ನುತ್ತದೆ. ನನ್ನ ಹಳೆ 4 ಜಿಬಿ ಯಂತ್ರದಲ್ಲಿ ಮೂರನೇ ಪ್ರೊಫೈಲ್ ತೆರೆದರೆ ಲೆಕ್ಕದ ಪ್ರೋಗ್ರಾಂ ಟ್ಯಾಲಿ ಉಸಿರು ಕಟ್ಟಿದ ಹಾಗೆ ನಿಲ್ಲುತ್ತಿತ್ತು. 8 ಜಿಬಿ ಮಾಡಿಸಿದ ಮೇಲೆ ನಾಲ್ಕು ತೆರೆದರೂ ಓಡುತ್ತದೆ. ರ‍್ಯಾಮ್ ಹಾಕಿಸಲು ಆಗದಿದ್ದರೆ ಫೈರ್‌ಫಾಕ್ಸ್‌ನ 'ಮಲ್ಟಿ-ಅಕೌಂಟ್ ಕಂಟೈನರ್ಸ್' ಅನ್ನುವ ಆಡ್-ಆನ್ ನೋಡಿ. ಅದರಲ್ಲಿ ಒಂದೇ ಕಿಟಕಿಯಲ್ಲಿ ಪ್ರತಿ ಟ್ಯಾಬ್ ಬೇರೆ ಖಾತೆಯದಾಗಿರಬಹುದು, ಪ್ರತಿ ಟ್ಯಾಬಿಗೂ ಬಣ್ಣದ ಗೆರೆ. ಬುಕ್‌ಮಾರ್ಕ್, ಪಾಸ್‌ವರ್ಡ್ ಬೇರೆಯಾಗುವುದಿಲ್ಲ, ಲಾಗಿನ್ ಮಾತ್ರ ಬೇರೆಯಾಗುತ್ತದೆ. ನಿಮ್ಮವೇ ಹಲವು ಖಾತೆಗಳಿಗೆ ಇದು ಚೆನ್ನ. ಬೇರೆಯವರದಕ್ಕೆ ನಾನು ಪ್ರೊಫೈಲನ್ನೇ ಹೇಳುತ್ತೇನೆ.

ಥಂಡರ್‌ಬರ್ಡ್ ಅಥವಾ ಔಟ್‌ಲುಕ್

ಇದು ಬ್ರೌಸರ್ ಬಿಟ್ಟು ಮೇಲ್‌ಗಾಗಿಯೇ ಇರುವ ಪ್ರೋಗ್ರಾಂ ಹಾಕಿಕೊಳ್ಳುವ ದಾರಿ. ವಿಂಡೋಸ್ ಜೊತೆ ಬರುತ್ತಿದ್ದ ಹಳೆ 'ಮೇಲ್' ಆ್ಯಪ್‌ಗೆ ಮೈಕ್ರೋಸಾಫ್ಟ್ 2024ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು. ಈಗ ಅದರ ಜಾಗದಲ್ಲಿ ಹೊಸ ಔಟ್‌ಲುಕ್ ಬರುತ್ತದೆ. ಉಚಿತ, ನೋಡಲು ಚೆಂದ, ಜಿಮೇಲ್-ಯಾಹೂ ಎಲ್ಲವನ್ನೂ ಸೇರಿಸಬಹುದು. ಆದರೆ ಉಚಿತವಾಗಿ ಬಳಸಿದರೆ ಮೇಲ್‌ಗಳ ನಡುವೆ ಜಾಹೀರಾತು ಬರುತ್ತದೆ. ನೀವು ಸೇರಿಸಿದ ಜಿಮೇಲ್‌ನ ಮೇಲ್‌ಗಳು ಮೈಕ್ರೋಸಾಫ್ಟ್ ಕ್ಲೌಡ್‌ಗೂ ಸಿಂಕ್ ಆಗುತ್ತವೆ. ನಿಮ್ಮದೇ ಮೇಲ್ ಆದರೆ ಅದು ನಿಮ್ಮ ಇಷ್ಟ. ಬೇರೆಯವರ ವ್ಯಾಪಾರದ ಮೇಲನ್ನು ಅವರನ್ನು ಕೇಳದೆ ನಾನು ಅಲ್ಲಿಗೆ ಹಾಕುವುದಿಲ್ಲ.

ಥಂಡರ್‌ಬರ್ಡ್ ಹಳೆಯ ನಂಬಿಕಸ್ಥ. ಮೊಜಿಲ್ಲಾದವರು 2004ರಲ್ಲಿ 1.0 ಆವೃತ್ತಿ ಬಿಟ್ಟರು. ಈಗಲೂ ಉಚಿತ, ಜಾಹೀರಾತಿಲ್ಲ. ಹತ್ತು ಖಾತೆ ಸೇರಿಸಿದರೂ ಎಡಗಡೆ ಸಾಲಾಗಿ ಕಾಣುತ್ತವೆ. 'ಯೂನಿಫೈಡ್ ಫೋಲ್ಡರ್ಸ್' ಆರಿಸಿದರೆ ಎಲ್ಲ ಇನ್‌ಬಾಕ್ಸ್ ಸೇರಿ ಒಂದೇ ಇನ್‌ಬಾಕ್ಸ್ ಆಗುತ್ತದೆ. ನನಗೆ ಬಹಳ ಹಿಡಿಸಿದ್ದು ಎರಡು ಸಂಗತಿ. ಬಂದ ಮೇಲಿಗೆ ಉತ್ತರ ಬರೆದರೆ, ಅದು ಯಾವ ಐಡಿಗೆ ಬಂದಿತ್ತೋ ಅದೇ ಐಡಿಯಿಂದ ಹೋಗುತ್ತದೆ. ಹೊಸದಾಗಿ ಬರೆಯುವಾಗ ಮಾತ್ರ ಮೇಲಿನ 'ಫ್ರಂ' ಸಾಲು ನೋಡಿಕೊಳ್ಳಬೇಕು. ಎರಡನೆಯದು ಹುಡುಕಾಟ. ಒಂದು ಬಿಲ್ ನಂಬರ್ ಹಾಕಿದರೆ ಎಲ್ಲ ಖಾತೆಗಳಲ್ಲೂ ಒಟ್ಟಿಗೆ ಹುಡುಕುತ್ತದೆ. ಹೋದ ವರ್ಷದ ಕ್ರೆಡಿಟ್ ನೋಟ್ ಯಾವ ಐಡಿಗೆ ಬಂದಿತ್ತು ಅಂತ ನೆನಪಿಟ್ಟುಕೊಳ್ಳಬೇಕಿಲ್ಲ.

ಮೇಲ್‌ಗಳು ಕಂಪ್ಯೂಟರಿಗೆ ಇಳಿದಿರುವುದರಿಂದ ನೆಟ್ ಇಲ್ಲದಿದ್ದರೂ ಓದಬಹುದು. ಕರೆಂಟ್ ಹೋದರೂ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಕೆಲಸ ಸಾಗುತ್ತದೆ. ಬರೆದ ಉತ್ತರವನ್ನು 'ಸೆಂಡ್ ಲೇಟರ್' ಕೊಟ್ಟು ಇಟ್ಟುಕೊಂಡು, ನೆಟ್ ಬಂದಾಗ ಕಳಿಸಬಹುದು. ಹಾರ್ಡ್ ಡಿಸ್ಕಿನಲ್ಲಿ ಜಾಗ ಕಡಿಮೆ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಇತ್ತೀಚಿನ ಇಷ್ಟು ದಿನದ ಮೇಲ್ ಮಾತ್ರ ಇಳಿಸು ಅಂತ ಹೇಳಬಹುದು. ಇದನ್ನು ಮಾಡದಿದ್ದರೆ ಮೊದಲ ದಿನವೇ ಹತ್ತು ವರ್ಷದ ಮೇಲ್ ಇಳಿಯಲು ಶುರುವಾಗಿ ಡೇಟಾ ಪ್ಯಾಕ್ ಖಾಲಿಯಾಗುತ್ತದೆ.

ಖಾತೆ ಸೇರಿಸುವಾಗ ಐಮ್ಯಾಪ್ ಅಥವಾ ಪಾಪ್ ಅಂತ ಎರಡು ಬಗೆ ಕೇಳುತ್ತದೆ. ಕಣ್ಣು ಮುಚ್ಚಿ ಐಮ್ಯಾಪ್ ಆರಿಸಿ. ಅದರಲ್ಲಿ ಮೂಲ ಮೇಲ್ ಸರ್ವರ್‌ನಲ್ಲೇ ಇರುತ್ತದೆ. ಫೋನಿನಲ್ಲಿ ಓದಿದ್ದು ಕಂಪ್ಯೂಟರಿನಲ್ಲೂ ಓದಿದ್ದು ಅಂತಲೇ ಕಾಣುತ್ತದೆ. ಪಾಪ್ ಹಳೆ ಕಾಲದ್ದು, ಮೇಲನ್ನು ಕಂಪ್ಯೂಟರಿಗೆ ಎಳೆದುಕೊಳ್ಳುತ್ತದೆ. ಸರ್ವರ್‌ನಲ್ಲಿ ಪ್ರತಿ ಉಳಿಸದೆ ಎಳೆದುಕೊಂಡಿದ್ದರೆ, ಹಾರ್ಡ್ ಡಿಸ್ಕ್ ಹೋದ ದಿನ ಮೇಲೂ ಹೋಯಿತು. ಹಳೆ ಮೇಲ್ ಪ್ರೋಗ್ರಾಂಗಳಲ್ಲಿ ಜಿಮೇಲ್ ಪಾಸ್‌ವರ್ಡ್ ಹಾಕಿ 'ಆಗ್ತಿಲ್ಲ' ಅನ್ನುವವರು ಬಹಳ. 2022ರ ಮೇ ಕೊನೆಯಿಂದ ಗೂಗಲ್ ಬರೀ ಪಾಸ್‌ವರ್ಡ್‌ನಿಂದ ಒಳಬಿಡುವುದನ್ನು ನಿಲ್ಲಿಸುತ್ತಾ ಬಂದಿದೆ. ಥಂಡರ್‌ಬರ್ಡ್ ಗೂಗಲ್‌ನ ಲಾಗಿನ್ ಪುಟವನ್ನೇ ತೆರೆಯುತ್ತದೆ, ಹಾಗಾಗಿ ತೊಂದರೆ ಇಲ್ಲ.

ಇದರ ಕೊರತೆ ಏನು? ಮೇಲ್ ಬಿಟ್ಟರೆ ಬೇರೇನೂ ಆಗುವುದಿಲ್ಲ. ಡ್ರೈವ್, ಫಾರ್ಮ್, ಪೋರ್ಟಲ್ ಲಾಗಿನ್‌ಗೆ ಬ್ರೌಸರ್ ಬೇಕೇ ಬೇಕು. ಮತ್ತೆ, ಇಲ್ಲೂ ಬೀಗ ಗಟ್ಟಿಯಲ್ಲ. 'ಪ್ರೈಮರಿ ಪಾಸ್‌ವರ್ಡ್' ಅಂತ ಒಂದು ಇದೆ. ಅದು ಉಳಿಸಿದ ಪಾಸ್‌ವರ್ಡ್‌ಗಳನ್ನು ಕಾಯುತ್ತದೆ, ಆಗಲೇ ಇಳಿದಿರುವ ಮೇಲ್‌ಗಳನ್ನು ಕಾಯುವುದಿಲ್ಲ. ನಿಮ್ಮ ವಿಂಡೋಸ್ ಖಾತೆಗೆ ಪಾಸ್‌ವರ್ಡ್ ಇದ್ದರೆ ಮಾತ್ರ ಇದು ಸುರಕ್ಷಿತ.

ಸ್ವಂತ ಡೊಮೈನ್ ಹೆಸರಿನ ಮೇಲ್ ಇರುವ ಅಕ್ಕಿ ಗಿರಣಿ, ಕಾಟನ್ ಮಿಲ್‌ನವರಿಗೆ ನಾನು ಎರಡನೇ ಮಾತಿಲ್ಲದೆ ಥಂಡರ್‌ಬರ್ಡ್ ಹೇಳುತ್ತೇನೆ. ಖರೀದಿ, ಲೆಕ್ಕ, ಮಾಲೀಕರು ಅಂತ ಮೂರು ಐಡಿ, ನೋಡುವ ಮುನೀಮ ಒಬ್ಬ. ಅಂಥ ಕಡೆ ಇದಕ್ಕಿಂತ ಸರಿಯಾದದ್ದು ಸಿಗುವುದಿಲ್ಲ.

ಎಲ್ಲವನ್ನೂ ಒಂದಕ್ಕೆ ಹರಿಸುವುದು

ತಂಗಿಗೆ ನಾನು ಹೇಳಿದ್ದು ಇದನ್ನು. ಅವಳ ಮೊದಲ ಐಡಿ ಎಸ್ಸೆಸ್ಸೆಲ್ಸಿಯಲ್ಲಿ ಯಾವುದೋ ಇಂಟರ್ನೆಟ್ ಅಂಗಡಿಯವರು ಮಾಡಿಕೊಟ್ಟಿದ್ದು. ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಅದೇ ಇದೆ. ಎರಡನೆಯದು ಕಾಲೇಜಿನಲ್ಲಿ ಮಾಡಿದ್ದು. ಮೂರನೆಯದು ಈಗ ಬಳಸುವುದು. 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಪ್ರಮಾಣಪತ್ರದ ಅರ್ಜಿ ಒಂದರಲ್ಲಿ, ನೇಮಕಾತಿ ಅರ್ಜಿ ಇನ್ನೊಂದರಲ್ಲಿ. ಹಾಲ್ ಟಿಕೆಟ್ ಸುದ್ದಿ ಯಾವುದಕ್ಕೆ ಬರುತ್ತದೋ ಅಂತ ಮೂರನ್ನೂ ದಿನಾ ತೆರೆದು ನೋಡುತ್ತಿದ್ದಳು.

ಹಳೆ ಎರಡು ಜಿಮೇಲ್‌ಗಳ ಸೆಟ್ಟಿಂಗ್ಸ್‌ನಲ್ಲಿ 'ಫಾರ್ವರ್ಡಿಂಗ್' ಆನ್ ಮಾಡಿ ಹೊಸ ಐಡಿ ಕೊಟ್ಟೆವು. ಹೊಸ ಐಡಿಗೆ ಒಂದು ದೃಢೀಕರಣ ಮೇಲ್ ಬಂತು, ಒಪ್ಪಿದಳು. ಫಾರ್ವರ್ಡ್ ಆದ ಮೇಲಿನ ಒಂದು ಪ್ರತಿ ಹಳೆ ಇನ್‌ಬಾಕ್ಸ್‌ನಲ್ಲೂ ಉಳಿಯುವ ಹಾಗೆ ಆರಿಸಿದೆವು. ಹೊಸ ಐಡಿಯಲ್ಲಿ ಫಿಲ್ಟರ್ ಹಾಕಿ, ಹಳೆ ವಿಳಾಸಕ್ಕೆ ಬಂದ ಮೇಲ್‌ಗಳಿಗೆ ಬೇರೆ ಬಣ್ಣದ ಲೇಬಲ್ ಕೊಟ್ಟೆವು. ಈಗ ಅವಳು ನೋಡುವುದು ಒಂದೇ ಇನ್‌ಬಾಕ್ಸ್. ಹಳೆ ಐಡಿಯ ಹೆಸರಿನಲ್ಲೇ ಉತ್ತರ ಹೋಗಬೇಕಾದರೆ 'ಸೆಂಡ್ ಮೇಲ್ ಆ್ಯಸ್' ಅನ್ನುವ ಕಡೆ ಆ ವಿಳಾಸವನ್ನು ಸೇರಿಸಿದರೆ ಆಯಿತು.

ಯಂತ್ರಕ್ಕೆ ಭಾರವೇ ಇಲ್ಲ. ಫೋನಿನಲ್ಲೂ ಒಂದೇ ಖಾತೆ ಸಾಕು. ಆದರೆ ಎರಡು ಗುಂಡಿಗಳಿವೆ, ಕಾಲು ಜಾರದಂತೆ ನೋಡಿಕೊಳ್ಳಿ. ಮೊದಲನೆಯದು, ಸ್ಪ್ಯಾಮ್‌ಗೆ ಬಿದ್ದ ಮೇಲ್ ಫಾರ್ವರ್ಡ್ ಆಗುವುದಿಲ್ಲ. ಹಾಲ್ ಟಿಕೆಟ್ ಮೇಲ್ ಹಳೆ ಐಡಿಯ ಸ್ಪ್ಯಾಮ್‌ನಲ್ಲಿ ಕುಳಿತಿದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು. 2 ವರ್ಷ ಬಳಸದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ಮೇಲ್ ತಾನಾಗಿ ಹರಿಯುತ್ತಿದೆ ಅಂತ ಹಳೆ ಖಾತೆಗೆ ಕಾಲಿಡದೆ ಬಿಡಬೇಡಿ. ತಿಂಗಳಿಗೊಮ್ಮೆ ಒಳಹೋಗಿ ಸ್ಪ್ಯಾಮ್ ನೋಡಿ ಬಂದರೆ ಎರಡೂ ಗುಂಡಿ ಒಟ್ಟಿಗೆ ದಾಟಿದಂತೆ. ತಂಗಿ ಅದಕ್ಕೆ ತಿಂಗಳ 1ನೇ ತಾರೀಖು ಇಟ್ಟುಕೊಂಡಿದ್ದಾಳೆ.

ಜಿಮೇಲ್ ತಾನೇ ಹೋಗಿ ಬೇರೆ ಖಾತೆಯ ಮೇಲ್ ಎಳೆದು ತರುವ ಸೌಲಭ್ಯವೂ ಇತ್ತು. ಅದನ್ನು 2026ರಿಂದ ಹಿಂತೆಗೆಯುವುದಾಗಿ ಗೂಗಲ್ ಹೇಳಿದೆ. ಹಳೆ ವಿಡಿಯೋ ನೋಡಿ ಆ ದಾರಿ ಹಿಡಿಯಬೇಡಿ. ಕಳಿಸುವ ಖಾತೆಯಲ್ಲೇ ಫಾರ್ವರ್ಡ್ ಹಾಕುವುದು ಒಳ್ಳೆಯದು.

ಬೇರೆಯವರ ವ್ಯವಹಾರದ ಮೇಲ್‌ಗೆ ಮಾತ್ರ ಈ ದಾರಿ ಬೇಡವೇ ಬೇಡ. ಒಂಬತ್ತು ಮನೆಯ ಕಾಗದ ಒಂದೇ ಪೆಟ್ಟಿಗೆಗೆ ಬಿದ್ದರೆ ಒಂದು ದಿನ ಅದಲುಬದಲು ಆಗಿಯೇ ಆಗುತ್ತದೆ.

ಪಾಸ್‌ವರ್ಡ್ ಕೇಳದೆ ಅಧಿಕಾರ ಪಡೆಯುವುದು

ಲೆಕ್ಕ ನೋಡುವವರು, ಅರ್ಜಿ ಹಾಕಿಕೊಡುವವರು, ಅಪ್ಪನ ಮೇಲ್ ನೋಡಿಕೊಳ್ಳುವ ಮಗ, ಇಂಥವರಿಗೆಲ್ಲ ಇದು ಗೊತ್ತಿರಲೇಬೇಕು. ಆದರೆ ಗೊತ್ತಿರುವವರು ಕಡಿಮೆ. ನನಗೂ ತಡವಾಗಿ ಗೊತ್ತಾಯಿತು.

ಜಿಮೇಲ್ ಸೆಟ್ಟಿಂಗ್ಸ್‌ನ 'ಅಕೌಂಟ್ಸ್' ಭಾಗದಲ್ಲಿ 'ಗ್ರಾಂಟ್ ಆ್ಯಕ್ಸೆಸ್ ಟು ಯುವರ್ ಅಕೌಂಟ್' ಅಂತ ಒಂದು ಸಾಲಿದೆ. ವ್ಯಾಪಾರಿ ತನ್ನ ಖಾತೆಯಲ್ಲಿ ಅಲ್ಲಿ ನನ್ನ ಜಿಮೇಲ್ ವಿಳಾಸ ಕೊಡುತ್ತಾರೆ. ನನಗೆ ಒಂದು ಮೇಲ್ ಬರುತ್ತದೆ, ಒಪ್ಪುತ್ತೇನೆ. ಶುರುವಾಗಲು ಒಂದು ದಿನ ಹಿಡಿಯಬಹುದು. ಆಮೇಲೆ ನನ್ನ ಖಾತೆಯ ವೃತ್ತ ಒತ್ತಿದರೆ ಅವರ ಮೇಲ್‌ಬಾಕ್ಸ್ ಕಾಣುತ್ತದೆ. ಓದಬಹುದು, ಅವರ ಪರವಾಗಿ ಉತ್ತರ ಕಳಿಸಬಹುದು, ಅಳಿಸಬಹುದು. ಅವರ ಪಾಸ್‌ವರ್ಡ್ ಬದಲಿಸಲು ಆಗುವುದಿಲ್ಲ. ಡ್ರೈವ್ ಕಾಣುವುದಿಲ್ಲ. ನಾನು ಕಳಿಸಿದ ಮೇಲಿನಲ್ಲಿ ಕಳಿಸಿದವರು ಅಂತ ನನ್ನ ವಿಳಾಸವೂ ಕಾಣಬಹುದು. ಅದು ಒಳ್ಳೆಯದೇ, ಯಾರು ಬರೆದರು ಅನ್ನುವುದು ಗೊತ್ತಿರಬೇಕು. ಸಾಮಾನ್ಯ ಜಿಮೇಲ್‌ನಲ್ಲಿ ಒಬ್ಬರು 10 ಜನರವರೆಗೆ ಹೀಗೆ ಅಧಿಕಾರ ಕೊಡಬಹುದು.

ಇದಕ್ಕೂ ಮೊದಲು ನನ್ನ ಡೈರಿಯ ಕೊನೆ ಪುಟದಲ್ಲಿ ಒಂಬತ್ತು ಜನರ ಪಾಸ್‌ವರ್ಡ್ ಇತ್ತು. ಆ ಡೈರಿ ಎಲ್ಲಾದರೂ ಬಿದ್ದುಹೋಗಿದ್ದರೆ? ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಈಗ ಆ ಪುಟ ಹರಿದು ಸುಟ್ಟಿದ್ದೇನೆ. ಐದು ಜನ ಅಧಿಕಾರ ಕೊಟ್ಟಿದ್ದಾರೆ. ಲೆಕ್ಕ ಬಿಡಿಸಿಕೊಂಡು ಹೋಗಬೇಕು ಅನ್ನಿಸಿದ ದಿನ ಅವರೇ ಒಂದು ಒತ್ತಿನಲ್ಲಿ ನನ್ನನ್ನು ತೆಗೆಯಬಹುದು. ಪಾಸ್‌ವರ್ಡ್ ಬದಲಿಸುವ ರಗಳೆ ಇಲ್ಲ, ಅನುಮಾನ ಇಲ್ಲ.

ಆದರೆ ಅಧಿಕಾರ ಕೊಡುವವರಿಗೆ ಒಂದು ಮಾತು ಬಾಯಿಬಿಟ್ಟು ಹೇಳಬೇಕು. ಇಡೀ ಮೇಲ್‌ಬಾಕ್ಸ್ ಕಾಣುತ್ತದೆ. ಜಿಎಸ್‌ಟಿ ಮೇಲ್ ಮಾತ್ರ ತೋರಿಸು ಅಂದರೆ ಆಗುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್, ಮನೆ ವಿಚಾರ ಎಲ್ಲವೂ ಅಲ್ಲೇ ಇರುತ್ತದೆ. ಹಾಗಾಗಿ ವ್ಯಾಪಾರಕ್ಕೆ ಬೇರೆ ಐಡಿ ಇರಲಿ, ಮನೆಗೆ ಬೇರೆ ಇರಲಿ. ಉಳಿದ ನಾಲ್ವರಲ್ಲಿ ಇಬ್ಬರದು ಜಿಮೇಲ್ ಅಲ್ಲ, ಇಬ್ಬರದು ಡ್ರೈವ್ ಕೂಡ ಬೇಕು. ಆ ನಾಲ್ಕಕ್ಕೆ ಪ್ರೊಫೈಲ್ ಇಟ್ಟುಕೊಂಡಿದ್ದೇನೆ. ಪಾಸ್‌ವರ್ಡ್ ಅವರೇ ಬಂದು ಒತ್ತುತ್ತಾರೆ.

ಕಂಪ್ಯೂಟರಿಗೆ ಹಲವರು ಕೂರುವುದಾದರೆ

ಮನೆಯಲ್ಲಿ ಒಂದೇ ಕಂಪ್ಯೂಟರ್, ಅಪ್ಪ, ಅಮ್ಮ, ಕಾಲೇಜಿಗೆ ಹೋಗುವ ಮಗಳು ಎಲ್ಲರೂ ಬಳಸುತ್ತೀರಿ. ಇಲ್ಲಿ ಬ್ರೌಸರ್ ಬಿಟ್ಟು ವಿಂಡೋಸ್‌ನಲ್ಲೇ ಬೇರೆ ಬೇರೆ ಯೂಸರ್ ಮಾಡಿ. ಸೆಟ್ಟಿಂಗ್ಸ್‌ನ 'ಅಕೌಂಟ್ಸ್' ಒಳಗೆ ಸಿಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್, ಒಂದೊಂದು ಡೆಸ್ಕ್‌ಟಾಪ್, ಫೈಲ್ ಕೂಡ ಬೇರೆ. ನಾನು ಇಲ್ಲಿ ಹೇಳಿದ ದಾರಿಗಳಲ್ಲಿ ನಿಜವಾದ ಬೀಗ ಇರುವುದು ಇದಕ್ಕೆ ಮಾತ್ರ. ಸ್ವಲ್ಪ ಹೊತ್ತಿಗೆ ಎದ್ದು ಹೋಗುವಾಗ ವಿಂಡೋಸ್ ಕೀ ಜೊತೆ 'ಎಲ್' ಒತ್ತಿ, ಪರದೆಗೆ ಬೀಗ ಬೀಳುತ್ತದೆ. ಒಬ್ಬರು ಸೈನ್ ಔಟ್ ಆಗದೆ ಇನ್ನೊಬ್ಬರು ಒಳಬಂದರೆ ಮೊದಲಿನವರ ಕೆಲಸವೂ ಹಿಂದೆ ಓಡುತ್ತಿರುತ್ತದೆ. 4 ಜಿಬಿ ಯಂತ್ರ ಆಗ ತೆವಳುತ್ತದೆ. ಹಾಗಾಗಿ ಕೆಲಸ ಮುಗಿಸಿ ಏಳುವಾಗ ಪೂರ್ತಿ ಸೈನ್ ಔಟ್ ಮಾಡುವ ರೂಢಿ ಬೇಕು.

ಗಂಗಾವತಿಯ ಗೆಳೆಯನ ಅಂಗಡಿಗೆ ಇದು ಆಗುವುದಿಲ್ಲ. ಬರುವವರೆಲ್ಲ ಹೊಸಬರು. ಸೇವಾ ಸಿಂಧು ಅರ್ಜಿ, ಪಹಣಿ, ಸ್ಕಾಲರ್‌ಶಿಪ್. ಹತ್ತು ನಿಮಿಷ ಕೂತು ಹೋಗುತ್ತಾರೆ. ಅವನಿಗೆ ಕ್ರೋಮ್‌ನ 'ಗೆಸ್ಟ್' ಮೋಡ್ ಹಾಕಿಕೊಟ್ಟೆ. ಗಿರಾಕಿ ಬಂದಾಗ ಗೆಸ್ಟ್ ಕಿಟಕಿ ತೆರೆಯುವುದು, ಕೆಲಸ ಮುಗಿದಾಗ ಮುಚ್ಚುವುದು. ಲಾಗಿನ್, ಹಿಸ್ಟರಿ ಎಲ್ಲ ಅಳಿದುಹೋಗುತ್ತದೆ. ಒಬ್ಬರ ಮೇಲ್ ಇನ್ನೊಬ್ಬರಿಗೆ ಕಾಣುವುದಿಲ್ಲ.

ಅಳಿಯದೆ ಉಳಿಯುವುದು ಒಂದಿದೆ. ಮೊದಲ ದಿನ ಅವನ ಕಂಪ್ಯೂಟರಿನ 'ಡೌನ್‌ಲೋಡ್ಸ್' ಫೋಲ್ಡರ್ ತೆರೆದು ನೋಡಿದೆ. ಮೇಲಿಂದ ಕೆಳಗೆ ಆಧಾರ್ ಪಿಡಿಎಫ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್‌ನ ಫೋಟೋ. ಯಾರ ಯಾರವೋ. ಗೆಸ್ಟ್ ಮೋಡ್‌ನಲ್ಲಿ ಇಳಿಸಿದ ಫೈಲ್ ಕೂಡ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಗಿರಾಕಿ ಎದುರಲ್ಲೇ ಪ್ರಿಂಟ್ ತೆಗೆದು, ಗಿರಾಕಿ ಎದುರಲ್ಲೇ ಅಳಿಸಬೇಕು. ರೀಸೈಕಲ್ ಬಿನ್ ಕೂಡ ಖಾಲಿ ಮಾಡಬೇಕು. ಗೆಳೆಯ ಈಗ ಹಾಗೇ ಮಾಡುತ್ತಾನೆ.

ಇನ್ನೊಂದು ಐಡಿ ಬೇಕೇ ಬೇಕಾ?

ಕೆಲವರಿಗೆ ನಾನು ಹೇಳುವುದು, ಹೊಸ ಐಡಿ ಮಾಡಬೇಡಿ ಅಂತ. ಕಿನ್ನಾಳದ ಗೊಂಬೆಗಳನ್ನು ಆನ್‌ಲೈನ್‌ನಲ್ಲಿ ಮಾರುವ ಒಂದು ಮನೆ ಅಂದುಕೊಳ್ಳಿ. ಆರ್ಡರ್‌ಗೆ ಒಂದು, ಕೊರಿಯರ್‌ಗೆ ಒಂದು, ಮೇಳಗಳ ಪತ್ರಕ್ಕೆ ಒಂದು ಐಡಿ ಬೇಕು ಅನ್ನಿಸುತ್ತದೆ. ಜಿಮೇಲ್‌ನಲ್ಲಿ ನಿಮ್ಮ ಹೆಸರಾದ ಮೇಲೆ, @ ಗುರುತಿಗೆ ಮೊದಲು ಪ್ಲಸ್ ಗುರುತು ಹಾಕಿ ಏನು ಬರೆದರೂ ಮೇಲ್ ನಿಮಗೇ ಬರುತ್ತದೆ. 'ಹೆಸರು+ಆರ್ಡರ್', 'ಹೆಸರು+ಕೊರಿಯರ್' ಅಂತ ಕೊಟ್ಟು, ಫಿಲ್ಟರ್‌ನಿಂದ ಬೇರೆ ಬೇರೆ ಲೇಬಲ್‌ಗೆ ಹಾಕಿದರೆ ಒಂದೇ ಐಡಿ ಮೂರರ ಕೆಲಸ ಮಾಡುತ್ತದೆ. ಕೆಲವು ವೆಬ್‌ಸೈಟ್‌ಗಳು ಪ್ಲಸ್ ಗುರುತನ್ನು ಒಪ್ಪುವುದಿಲ್ಲ, ಅಲ್ಲಿ ಮೂಲ ವಿಳಾಸ ಕೊಡಿ. ಜಾಗದ ಲೆಕ್ಕ ಮಾತ್ರ ನೆನಪಿರಲಿ. ಉಚಿತ 15 ಜಿಬಿಯಲ್ಲಿ ಮೇಲ್, ಡ್ರೈವ್, ಫೋಟೋಸ್ ಮೂರೂ ಸೇರಿವೆ. ಗೊಂಬೆಗಳ ಫೋಟೋ ತುಂಬಿ ಹೋದರೆ ಮೇಲ್ ಬರುವುದೂ ನಿಲ್ಲುತ್ತದೆ.

ನಿಮಗೆ ಯಾವುದು?

ಖಾತೆ ಎರಡೇ, ಎರಡೂ ನಿಮ್ಮವೇ, ಎರಡನೆಯದು ಅಪರೂಪಕ್ಕೆ ಅಂದರೆ ಈಗಿರುವ ಹಾಗೇ ಇರಿ. ಫೋಟೋ ಬದಲಿಸಿ, 30 ಸೆಕೆಂಡ್ ಇಡಿ. ವಿದ್ಯಾರ್ಥಿಗಳು, ಹಳೆ ಐಡಿಗಳನ್ನು ಬಿಡಲಾಗದೆ ಇರುವವರು ಫಾರ್ವರ್ಡ್ ಮಾಡಿ. ನಿಮ್ಮವೇ ಐದಾರು ಐಡಿ ಇದ್ದು ದಿನವಿಡೀ ಉತ್ತರ ಬರೆಯುವವರು ಥಂಡರ್‌ಬರ್ಡ್ ಹಾಕಿ. ನೆಟ್, ಕರೆಂಟ್ ನಂಬಲಾಗದ ಹಳ್ಳಿಯಲ್ಲಿದ್ದರಂತೂ ಅದೇ. ನನ್ನ ಹಾಗೆ ಬೇರೆಯವರ ಮೇಲ್ ನೋಡುವವರು ಮೊದಲು ಅಧಿಕಾರ ಕೇಳಿ. ಅದು ಆಗದ ಕಡೆ ಪ್ರೊಫೈಲ್, ಅದಕ್ಕೆ 8 ಜಿಬಿ ರ‍್ಯಾಮ್. ಮನೆಮಂದಿಗೆಲ್ಲ ಒಂದು ಯಂತ್ರ ಇದ್ದರೆ ವಿಂಡೋಸ್ ಯೂಸರ್, ಬಂದುಹೋಗುವ ಗಿರಾಕಿಗಳಿಗೆ ಗೆಸ್ಟ್.

ಯಾವ ದಾರಿ ಹಿಡಿದರೂ ಬದಲಿಸುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಒಂದೊಂದು ಐಡಿಯ ಎದುರು ಬರೆಯಿರಿ: ಇದು ಯಾರದು, ರಿಕವರಿ ಫೋನ್ ನಂಬರ್ ಯಾವುದು, ರಿಕವರಿ ಮೇಲ್ ಯಾವುದು. ಪಾಸ್‌ವರ್ಡ್ ಬರೆಯಬೇಡಿ. ಹೊಸ ಪ್ರೊಫೈಲ್‌ನಲ್ಲೋ ಥಂಡರ್‌ಬರ್ಡ್‌ನಲ್ಲೋ ಲಾಗಿನ್ ಆಗುವಾಗ ಗೂಗಲ್ ಆ ನಂಬರಿಗೆ ಕೋಡ್ ಕಳಿಸಬಹುದು. ಆ ಸಿಮ್ ಈಗ ಯಾರ ಕೈಲಿದೆ ಅನ್ನುವುದು ಮೊದಲೇ ಗೊತ್ತಿರಬೇಕು. ನಾನು ಹಾಳೆ ಬರೆದಾಗ ಒಂಬತ್ತರಲ್ಲಿ ಮೂರು ಐಡಿಗೆ, ಅದನ್ನು ಮಾಡಿಕೊಟ್ಟ ಅಂಗಡಿಯವರ ಹಳೆ ನಂಬರೇ ಇತ್ತು. ಒಂದಂತೂ ಬಂದ್ ಆಗಿತ್ತು. ಖಾತೆ ಇನ್ನೂ ತೆರೆದಿದ್ದರಿಂದ ಬಚಾವ್. ಮೂವರನ್ನೂ ಒಂದು ಭಾನುವಾರ ಕರೆಸಿ, ಅವರ ಫೋನ್ ಅವರ ಕೈಯಲ್ಲೇ ಇಟ್ಟುಕೊಂಡು, ನಂಬರ್ ಬದಲಿಸಿದ ಮೇಲೆಯೇ ಉಳಿದ ಕೆಲಸಕ್ಕೆ ಕೈಹಾಕಿದೆ.